ಶ್ವಾಸಕೋಶಕ್ಕೆ ನಾಟುವ ಮಾತ್ರೆ ಮಿದುಳಿನ ಗೆಡ್ಡೆಗೆ ಯಾಕೆ ನಾಟುವುದಿಲ್ಲ?

ಗ್ಲಿಯೋಬ್ಲಾಸ್ಟೋಮಾ ಎಂಬ ಮಿದುಳಿನ ಕ್ಯಾನ್ಸರ್ ಬಂದ ರೋಗಿಯ ಬಯಾಪ್ಸಿ ರಿಪೋರ್ಟಿನಲ್ಲಿ 'ಇಜಿಎಫ್‌ಆರ್ ಆಂಪ್ಲಿಫಿಕೇಶನ್' ಎಂದು ಬರೆದಿದ್ದರೆ ಮನೆಯವರು ಮೊದಲು ಅದನ್ನು ಗೂಗಲ್ ಮಾಡುತ್ತಾರೆ. ಶ್ವಾಸಕೋಶದ ಕ್ಯಾನ್ಸರಿಗೆ ಇದೇ ಇಜಿಎಫ್‌ಆರ್ ತಡೆಯುವ ಮಾತ್ರೆಗಳಿವೆ ಎಂದು ಗೊತ್ತಾಗುತ್ತದೆ. ಮತ್ತೆ ನಮ್ಮವರಿಗೆ ಯಾಕೆ ಕೊಡುತ್ತಿಲ್ಲ? ಕೇಳಲೇಬೇಕಾದ ಪ್ರಶ್ನೆ ಇದು.

1962ರಲ್ಲಿ ಅಮೆರಿಕದ ಸ್ಟ್ಯಾನ್ಲಿ ಕೋಹೆನ್ ಇಲಿಯ ಜೊಲ್ಲುಗ್ರಂಥಿಯಿಂದ ಒಂದು ಪ್ರೋಟೀನು ಬೇರ್ಪಡಿಸಿದರು. ಅದನ್ನು ಆಗಷ್ಟೇ ಹುಟ್ಟಿದ ಮರಿಗಳಿಗೆ ಚುಚ್ಚಿದರೆ ಕಣ್ಣು ಬೇಗ ಬಿಡುತ್ತಿದ್ದವು, ಹಲ್ಲು ಬೇಗ ಮೂಡುತ್ತಿದ್ದವು. ಅದೇ ಇಜಿಎಫ್ (ಎಪಿಡರ್ಮಲ್ ಗ್ರೋಥ್ ಫ್ಯಾಕ್ಟರ್). ಅದು ಬಂದು ಅಂಟಿಕೊಳ್ಳುವ, ಜೀವಕೋಶದ ಹೊರಮೈಯಲ್ಲಿರುವ ಪ್ರೋಟೀನು, ಅಂದರೆ ಅದರ ರಿಸೆಪ್ಟರ್, ಇಜಿಎಫ್‌ಆರ್. ಅಂಟಿಕೊಂಡ ಕೂಡಲೇ ಬೆಳೆಯಲು, ಇಬ್ಭಾಗವಾಗಲು ಒಳಗೆ ಸಂಕೇತ ಹೋಗುತ್ತದೆ. 1986ರಲ್ಲಿ ರೀಟಾ ಲೆವಿ-ಮಾಂಟಲ್ಚಿನಿ ಜೊತೆ ಕೋಹೆನ್ ಅವರಿಗೆ ನೊಬೆಲ್ ಬಂತು.

ಅಷ್ಟರಲ್ಲಿ ಕಥೆ ಕ್ಯಾನ್ಸರ್ ಕಡೆ ತಿರುಗಿತ್ತು. ಕೋಳಿಗಳಿಗೆ ಕ್ಯಾನ್ಸರ್ ತರುವ ಒಂದು ವೈರಸ್ಸಿನ ಜೀನು, ಹೊರಭಾಗ ಕತ್ತರಿಸಿ ಹೋದ ಇಜಿಎಫ್‌ಆರ್ ಥರವೇ ಇದೆ ಎಂದು 1984ರಲ್ಲಿ ತಿಳಿಯಿತು. ಮರುವರ್ಷವೇ ಮಿದುಳಿನ ಗೆಡ್ಡೆಗಳಲ್ಲಿ ಇಜಿಎಫ್‌ಆರ್ ಜೀನಿನ ಪ್ರತಿಗಳು ತುಂಬಾ ಜಾಸ್ತಿ ಇರುವುದು ಪತ್ತೆಯಾಯಿತು. ರಿಪೋರ್ಟಿನ 'ಆಂಪ್ಲಿಫಿಕೇಶನ್' ಅಂದರೆ ಇದೇ. ಆಮೇಲೆ ಸಿಕ್ಕಿದ್ದು ಇನ್ನೂ ವಿಚಿತ್ರ. ಕೆಲವು ಗೆಡ್ಡೆಗಳಲ್ಲಿ ಈ ರಿಸೆಪ್ಟರಿನ ಹೊರಭಾಗದ 267 ಅಮೈನೋ ಆಮ್ಲಗಳೇ ಇರಲಿಲ್ಲ! ಇದಕ್ಕೆ ಇಜಿಎಫ್‌ಆರ್‌ವಿ-3 ಎನ್ನುತ್ತಾರೆ. ಇಜಿಎಫ್ ಬರಲಿ ಬಿಡಲಿ, ಇದು ಸಂಕೇತ ಕಳಿಸುತ್ತಲೇ ಇರುತ್ತದೆ. ಆರೋಗ್ಯವಂತ ಜೀವಕೋಶಗಳಲ್ಲಿ ಇದು ಇರುವುದಿಲ್ಲ, ಆದ್ದರಿಂದ ಔಷಧಕ್ಕೆ ಇದಕ್ಕಿಂತ ಒಳ್ಳೆ ಗುರಿ ಬೇಕಾ ಎಂದು ಎಲ್ಲರಿಗೂ ಅನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಆದರೆ ಸೋಲಿನ ಮೇಲೆ ಸೋಲು. ಶ್ವಾಸಕೋಶದ ಕ್ಯಾನ್ಸರಿಗೆ ಕೊಡುವ ಜೆಫಿಟಿನಿಬ್, ಎರ್ಲೋಟಿನಿಬ್ ಮಾತ್ರೆಗಳು ಗ್ಲಿಯೋಬ್ಲಾಸ್ಟೋಮಾದಲ್ಲಿ ಹೇಳಿಕೊಳ್ಳುವಂಥ ಫಲ ಕೊಡಲಿಲ್ಲ. ವಿ-3 ವಿರುದ್ಧ ಮಾಡಿದ ರಿಂಡೋಪೆಪಿಮಟ್ ಲಸಿಕೆಯ ದೊಡ್ಡ ಪ್ರಯೋಗ 2016ರಲ್ಲಿ ನಿಂತಿತು. ಲಸಿಕೆ ಪಡೆದವರೂ ಪಡೆಯದವರೂ ಹೆಚ್ಚುಕಡಿಮೆ ಒಂದೇ ಕಾಲ ಬದುಕಿದ್ದರು. ಸಾವಿರಾರು ಕುಟುಂಬಗಳು ಕಾಯುತ್ತಿದ್ದ ಫಲಿತಾಂಶ ಅದು, ಓದುವಾಗ ಈಗಲೂ ಸಂಕಟವಾಗುತ್ತದೆ.

ಯಾಕೆ ಹೀಗೆ? ಶ್ವಾಸಕೋಶದಲ್ಲಿ ಬದಲಾವಣೆ ರಿಸೆಪ್ಟರಿನ ಒಳಭಾಗದಲ್ಲಿ ಆಗುತ್ತದೆ, ಮಾತ್ರೆ ಹೋಗಿ ಕೂರುವುದೂ ಅಲ್ಲೇ. ಮಿದುಳಿನ ಗೆಡ್ಡೆಯಲ್ಲಿ ಬದಲಾಗಿರುವುದು ಹೆಚ್ಚಾಗಿ ಹೊರಭಾಗ. ಅದರ ಮೇಲೆ ರಕ್ತದಿಂದ ಮಿದುಳಿಗೆ ಔಷಧ ದಾಟಲು ಬಿಡದ ತಡೆ ಬೇರೆ. ಇವೆರಡಕ್ಕಿಂತ ದೊಡ್ಡ ಕಾರಣ ಗೆಡ್ಡೆಯೊಳಗೇ ಇದೆ ಅನ್ನುವುದು ನನ್ನ ಅಭಿಪ್ರಾಯ. ಒಂದೇ ಗೆಡ್ಡೆಯಲ್ಲಿ ಕೆಲವು ಕೋಶಗಳಲ್ಲಿ ವಿ-3 ಇರುತ್ತದೆ, ಪಕ್ಕದವುಗಳಲ್ಲಿ ಇರುವುದಿಲ್ಲ. ಒಂದು ರಿಸೆಪ್ಟರ್ ಮುಚ್ಚಿದರೆ ಮೆಟ್, ಪಿಡಿಜಿಎಫ್‌ಆರ್ ಥರದ ಬೇರೆ ರಿಸೆಪ್ಟರುಗಳು ಅದೇ ಸಂಕೇತ ಮುಂದುವರಿಸುತ್ತವೆ ಎಂದು 2007ರಲ್ಲೇ ತೋರಿಸಿದ್ದರು. 2014ರಲ್ಲಿ ಇನ್ನೊಂದು ಸಂಗತಿ ಹೊರಬಂತು. ವಿ-3 ಜೀನು ಕ್ರೋಮೋಸೋಮಿನಿಂದ ಹೊರಗೆ, ಬಿಡಿ ಡಿಎನ್‌ಎ ತುಂಡುಗಳ ಮೇಲೆ ಇರಬಲ್ಲದು, ಎರ್ಲೋಟಿನಿಬ್ ಕೊಟ್ಟಾಗ ಕೋಶಗಳು ಆ ತುಂಡುಗಳನ್ನು ಕಳೆದುಕೊಳ್ಳುತ್ತವೆ, ಔಷಧ ನಿಲ್ಲಿಸಿದರೆ ಅವು ಮತ್ತೆ ಕಾಣಿಸಿಕೊಳ್ಳುತ್ತವೆ.

ಆದ್ದರಿಂದಲೇ ಈಗಿನ ಪ್ರಯತ್ನ ಒಂದಕ್ಕಿಂತ ಹೆಚ್ಚು ಗುರಿ ಹಿಡಿಯುವುದು. 2024ರಲ್ಲಿ ಬಾಸ್ಟನ್ನಿನ ವೈದ್ಯರು ವಿ-3 ಜೊತೆಗೆ ಮಾಮೂಲಿ ಇಜಿಎಫ್‌ಆರ್ ಮೇಲೂ ದಾಳಿ ಮಾಡುವ ಕಾರ್-ಟಿ ಕೋಶಗಳನ್ನು (ಕ್ಯಾನ್ಸರ್ ಗುರುತಿಸುವಂತೆ ಲ್ಯಾಬಿನಲ್ಲಿ ಬದಲಾಯಿಸಿದ ರೋಗನಿರೋಧಕ ಕೋಶಗಳು) ಮೂವರು ರೋಗಿಗಳಿಗೆ ಕೊಟ್ಟರು. ಮೂವರಲ್ಲೂ ಗೆಡ್ಡೆ ಕೆಲವೇ ದಿನಗಳಲ್ಲಿ ಕುಗ್ಗಿತು, ಇಬ್ಬರಲ್ಲಿ ಮತ್ತೆ ಬೆಳೆಯಿತು. ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಸಿಗುವುದು ಮಾತ್ರ ಇನ್ನೂ 2005ರ ದಾರಿಯೇ: ಆಪರೇಷನ್, ರೇಡಿಯೇಷನ್, ಟೆಮೊಜೊಲೊಮೈಡ್ ಎಂಬ ಕೀಮೋ ಔಷಧ.