ಜೇಸನ್ ಕಿಡ್‌ಗಾಗಿ ಡಾಲಸ್ ಕೊಟ್ಟದ್ದೆಷ್ಟು, ಪಡೆದದ್ದೇನು?

ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ತಂಡ ಡಾಲಸ್ ಮ್ಯಾವರಿಕ್ಸ್ ಯಾವ ದೊಡ್ಡ ಟ್ರೇಡ್ (ತಂಡಗಳ ನಡುವೆ ಆಟಗಾರರ ವಿನಿಮಯ) ಮಾಡಿದರೂ ಹಳೆಯ ಅಭಿಮಾನಿಗಳ ಮಾತು 2008ಕ್ಕೆ ಹೋಗಿ ನಿಲ್ಲುತ್ತದೆ. 2025ರ ಫೆಬ್ರುವರಿಯಲ್ಲಿ ತನ್ನ ತಾರೆ ಲೂಕಾ ಡಾಂಚಿಚ್ ಅವರನ್ನು ಲೇಕರ್ಸ್ ತಂಡಕ್ಕೆ ಬಿಟ್ಟುಕೊಟ್ಟಾಗ ತಂಡದ ಕೋಚ್ ಆಗಿದ್ದವರು ಜೇಸನ್ ಕಿಡ್. ಇದೇ ಕಿಡ್ ಅವರನ್ನು 2008ರಲ್ಲಿ, ಅವರ 34ನೇ ವಯಸ್ಸಿನಲ್ಲಿ, ಡಾಲಸ್ ಕೈತುಂಬಾ ಕೊಟ್ಟು ಕರೆತಂದಿತ್ತು. ಆ ವ್ಯಾಪಾರ ಲಾಭದ್ದೋ ನಷ್ಟದ್ದೋ ಎಂಬ ವಾದ ಇನ್ನೂ ಮುಗಿದಿಲ್ಲ. ಹೊಸದಾಗಿ ಎನ್‌ಬಿಎ ನೋಡುವವರಿಗೆ ಇದರ ತಲೆಬುಡ ತಿಳಿಯುವುದು ಕಷ್ಟ.

ಹಳೆಯ ಕಥೆ ಬೇಗ ಹೇಳಿಬಿಡೋಣ. 1994ರ ಡ್ರಾಫ್ಟ್‌ನಲ್ಲಿ (ಹೊಸ ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ಪ್ರಕ್ರಿಯೆ) ಕಿಡ್ ಅವರನ್ನು ಎರಡನೆಯವರಾಗಿ ಆರಿಸಿಕೊಂಡದ್ದೇ ಡಾಲಸ್. 1996ರ ಕೊನೆಗೆ ಫೀನಿಕ್ಸ್ ತಂಡಕ್ಕೆ ಕಳಿಸಿತು. ಅಲ್ಲಿಂದ 2001ರಲ್ಲಿ ನ್ಯೂಜೆರ್ಸಿ ನೆಟ್ಸ್‌ಗೆ ಹೋದ ಕಿಡ್, ಆ ತಂಡವನ್ನು 2002 ಮತ್ತು 2003ರಲ್ಲಿ ಫೈನಲ್ಸ್‌ಗೆ ಕರೆದೊಯ್ದರು. ಎರಡೂ ಸಲ ಸೋಲು.

ಈ ನಡುವೆ ಡಾಲಸ್‌ಗೆ ಸ್ಟೀವ್ ನ್ಯಾಶ್ ಎಂಬ ಒಳ್ಳೆಯ ಪಾಯಿಂಟ್ ಗಾರ್ಡ್ (ಪಾಸ್ ಕೊಟ್ಟು ಆಟ ಕಟ್ಟುವ ಆಟಗಾರ, ಕಿಡ್ ಕೂಡ ಅದೇ) ಸಿಕ್ಕಿದ್ದರು. 2004ರಲ್ಲಿ ಅವರಿಗೆ 30 ವಯಸ್ಸು. ಇನ್ನೆಷ್ಟು ವರ್ಷ ಆಡಿಯಾರು ಎಂದು ಡಾಲಸ್ ಹಿಂದೆ ಮುಂದೆ ನೋಡಿತು. ಫೀನಿಕ್ಸ್ ನೋಡಲಿಲ್ಲ, ಜಾಸ್ತಿ ದುಡ್ಡು ಕೊಟ್ಟು ಕರೆದುಕೊಂಡಿತು. ನ್ಯಾಶ್ 2005 ಮತ್ತು 2006ರಲ್ಲಿ ಸತತವಾಗಿ ಎಂವಿಪಿ, ಅಂದರೆ ವರ್ಷದ ಅತ್ಯುತ್ತಮ ಆಟಗಾರ, ಆದರು. 2005ರ ಪ್ಲೇಆಫ್‌ನಲ್ಲಿ (ಸೀಸನ್ ಕೊನೆಯ ನಾಕೌಟ್ ಸುತ್ತುಗಳು) ಡಾಲಸ್ ಅನ್ನೇ ಹೊರಗಟ್ಟಿದರು. 30 ಜಾಸ್ತಿ ವಯಸ್ಸು ಎಂದ ತಂಡ ನಾಲ್ಕೇ ವರ್ಷಕ್ಕೆ 34ರವರ ಬಾಗಿಲು ತಟ್ಟಿದ್ದೇಕೆ ಎಂದು ಅಭಿಮಾನಿಗಳು ಕೇಳಿದರೆ, ಅದರಲ್ಲಿ ತಪ್ಪೇನಿದೆ?

ಉತ್ತರ ಇರುವುದು ಎರಡು ಸೋಲುಗಳಲ್ಲಿ. 2006ರ ಫೈನಲ್ಸ್‌ನಲ್ಲಿ ಮಯಾಮಿ ವಿರುದ್ಧ ಡಾಲಸ್ 2-0 ಮುಂದಿತ್ತು. ಆಮೇಲಿನ ನಾಲ್ಕೂ ಪಂದ್ಯ ಸೋತಿತು. ಮುಂದಿನ ಸೀಸನ್‌ನಲ್ಲಿ 67 ಪಂದ್ಯ ಗೆದ್ದು ಮೊದಲ ಸ್ಥಾನಕ್ಕೆ ಬಂದು, ಮೊದಲ ಸುತ್ತಿನಲ್ಲೇ ಎಂಟನೇ ಸ್ಥಾನದ ಗೋಲ್ಡನ್ ಸ್ಟೇಟ್ ಎದುರು ಮನೆಗೆ ಹೋಯಿತು. ಡಾಲಸ್‌ನ ತಾರೆ ಡಿರ್ಕ್ ನೊವಿಟ್ಸ್ಕಿ ಆ ವರ್ಷದ ಎಂವಿಪಿ. ಪ್ರಶಸ್ತಿ ಕೈಗೆ ಬರುವ ಹೊತ್ತಿಗೆ ತಂಡ ಆಟದಲ್ಲೇ ಇರಲಿಲ್ಲ. ಒತ್ತಡದಲ್ಲಿ ಆಟವನ್ನು ನಿಭಾಯಿಸುವವರು ಬೇಕು ಎಂಬ ಮಾತು ಗಟ್ಟಿಯಾದದ್ದು ಆಗ. ಅದರ ಮೇಲೆ 2008ರ ಫೆಬ್ರುವರಿ ಮೊದಲ ವಾರದಲ್ಲಿ ಲೇಕರ್ಸ್ ಪಾವ್ ಗಸೋಲ್ ಅವರನ್ನೂ ಫೀನಿಕ್ಸ್ ಶಕೀಲ್ ಓ'ನೀಲ್ ಅವರನ್ನೂ ತಂದುಕೊಂಡವು. ಸುಮ್ನೆ ಕೂರುವುದು ಡಾಲಸ್‌ಗೆ ಆಗಲಿಲ್ಲ.

ಇಲ್ಲಿ ಒಂದು ನಿಯಮ ಗೊತ್ತಿರಬೇಕು. ಐಪಿಎಲ್‌ನಲ್ಲಿ ಬರೀ ದುಡ್ಡು ಕೊಟ್ಟು ಆಟಗಾರನನ್ನು ಇನ್ನೊಂದು ತಂಡದಿಂದ ತರಬಹುದು. ಎನ್‌ಬಿಎಯಲ್ಲಿ ಸಂಬಳದ ಮಿತಿ ದಾಟಿದ ತಂಡಗಳಿಗೆ ಅದು ಸಾಧ್ಯವಿಲ್ಲ. ಬರುವವರ ಸಂಬಳಕ್ಕೆ ಹತ್ತಿರವಾಗುವಷ್ಟು ಸಂಬಳದ ಆಟಗಾರರನ್ನು ಕಳಿಸಬೇಕು. ಕಿಡ್ ಸಂಬಳ ಆ ವರ್ಷ ಸುಮಾರು 2 ಕೋಟಿ ಡಾಲರ್. ಅಷ್ಟನ್ನು ಹೊಂದಿಸಲು ಒಬ್ಬಿಬ್ಬರು ಸಾಲುವುದಿಲ್ಲ.

ಮೊದಲ ಪಟ್ಟಿಯಲ್ಲಿ 24ರ ಹರೆಯದ ಚುರುಕು ಗಾರ್ಡ್ ಡೆವಿನ್ ಹ್ಯಾರಿಸ್ ಜೊತೆ ಜೆರ್ರಿ ಸ್ಟಾಕ್‌ಹೌಸ್, ಡೆವಿಯನ್ ಜಾರ್ಜ್ ಕೂಡ ಇದ್ದರು. ನೆಟ್ಸ್ ತನ್ನನ್ನು ಬಿಡುಗಡೆ ಮಾಡಿದರೆ 30 ದಿನದಲ್ಲಿ ಡಾಲಸ್‌ಗೇ ವಾಪಸ್ ಬರುತ್ತೇನೆ ಎಂದು ಸ್ಟಾಕ್‌ಹೌಸ್ ಪತ್ರಕರ್ತರ ಮುಂದೆ ಹೇಳಿಬಿಟ್ಟರು. ಎಲ್ಲರಿಗೂ ಗೊತ್ತಿದ್ದ ಗುಟ್ಟೇ, ಆದರೆ ಬಾಯಿಬಿಟ್ಟು ಹೇಳುವುದಲ್ಲ. ಜಾರ್ಜ್ ಅವರದು ಇನ್ನೊಂದು ಕಥೆ. ಒಂದು ವರ್ಷದ ಒಪ್ಪಂದದಲ್ಲಿದ್ದ ಅವರಿಗೆ ಟ್ರೇಡ್ ಬೇಡ ಎನ್ನುವ ಹಕ್ಕಿತ್ತು. ಹೋದರೆ ಮುಂದಿನ ಒಪ್ಪಂದದಲ್ಲಿ ಸಿಗಬೇಕಾದ ಅನುಕೂಲ ಕೈತಪ್ಪುತ್ತಿತ್ತು. ಬೇಡ ಅಂದರು. ಊರಿನ ಅಂಗಳದಲ್ಲೇ ಪ್ರೇಕ್ಷಕರು ಅವರನ್ನು ಹೀಯಾಳಿಸಿದರು. ಅವರು ಮಾಡಿದ್ದು ನಿಯಮ ಕೊಟ್ಟ ಹಕ್ಕನ್ನು ಬಳಸಿದ್ದು, ಅಷ್ಟೇ ಅಲ್ವಾ?

ಆಗ ಸಿಕ್ಕ ಉಪಾಯ ಕೀತ್ ವ್ಯಾನ್ ಹಾರ್ನ್. 2006ರ ಫೈನಲ್ಸ್ ನಂತರ ಅವರು ಆಡಿಯೇ ಇರಲಿಲ್ಲ, ಆದರೆ ಕಾಗದದ ಮೇಲೆ ಅವರ ಹಕ್ಕು ಡಾಲಸ್ ಬಳಿಯೇ ಇತ್ತು. ಮನೆಯಲ್ಲಿದ್ದವರಿಗೆ ಹೊಸ ಒಪ್ಪಂದ ಕೊಟ್ಟು, ಆ ಸಂಬಳ ತೋರಿಸಿ ಲೆಕ್ಕ ಸರಿಮಾಡಿದರು. ಈ ಟ್ರೇಡ್ ಆದ ಮೇಲೆ ನೆಟ್ಸ್ ಪರ ಅವರು ಒಂದು ನಿಮಿಷವೂ ಆಡಲಿಲ್ಲ. ಫೆಬ್ರುವರಿ 19ಕ್ಕೆ ಟ್ರೇಡ್ ಮುಗಿಯಿತು. ಡಾಲಸ್ ಕೊಟ್ಟದ್ದು ಹ್ಯಾರಿಸ್, ಡಿಯೊಪ್, ಹ್ಯಾಸೆಲ್, ಏಜರ್, ವ್ಯಾನ್ ಹಾರ್ನ್, ಎರಡು ಮೊದಲ ಸುತ್ತಿನ ಡ್ರಾಫ್ಟ್ ಆಯ್ಕೆ, ಮೇಲೆ 30 ಲಕ್ಷ ಡಾಲರ್. ಬದಲಿಗೆ ಕಿಡ್, ಜೊತೆಗೆ ಅಷ್ಟೇನೂ ಹೆಸರಿಲ್ಲದ ಇಬ್ಬರು.

ಮೊದಲ ಫಲ ಕಹಿ. ಸ್ಯಾನ್ ಆಂಟೋನಿಯೊ ವಿರುದ್ಧ ಪಂದ್ಯ ಕೂದಲೆಳೆಯ ಅಂತರದಲ್ಲಿದ್ದಾಗ ಕೋಚ್ ಏವರಿ ಜಾನ್ಸನ್ ಕಿಡ್ ಅವರನ್ನು ಬೆಂಚಿನಲ್ಲಿ ಕೂರಿಸಿದರು. ಇಷ್ಟೆಲ್ಲ ಕೊಟ್ಟು ತಂದವರನ್ನು ಕೊನೆಯ ಕ್ಷಣದಲ್ಲಿ ಆಡಿಸದಿದ್ದರೆ ಹೇಗೆ? ತಂಡ 51 ಗೆಲುವಿನೊಂದಿಗೆ ಏಳನೇ ಸ್ಥಾನಕ್ಕೆ ಬಂತು. ಮೊದಲ ಸುತ್ತಿನಲ್ಲಿ ನ್ಯೂ ಆರ್ಲಿಯನ್ಸ್‌ನ ಕ್ರಿಸ್ ಪಾಲ್ ಎಂಬ 22ರ ಹುಡುಗನನ್ನು ಹಿಡಿಯುವುದು ಕಿಡ್‌ಗೆ ಆಗಲಿಲ್ಲ. ಸರಣಿ 4-1. ಜಾನ್ಸನ್ ಕೆಲಸ ಹೋಯಿತು. ಮುಂದಿನ ಸೀಸನ್‌ನಲ್ಲಿ ಹ್ಯಾರಿಸ್ ಪಂದ್ಯಕ್ಕೆ ಸರಾಸರಿ 21 ಅಂಕ ಹೊಡೆದು ಆಲ್‌ಸ್ಟಾರ್ ಪಂದ್ಯಕ್ಕೆ (ಲೀಗ್‌ನ ಆಯ್ದ ತಾರೆಯರ ಪಂದ್ಯ) ಆಯ್ಕೆಯಾದರು. 'ಮೋಸ ಹೋದೆವು' ಎಂಬ ಮಾತಿಗೆ ಎದುರು ಮಾತೇ ಇಲ್ಲದ ಕಾಲ ಅದು.

ನನಗೆ ಕುತೂಹಲ ಇರುವುದು ಆಮೇಲಿನ ಎರಡು ವರ್ಷಗಳ ಬಗ್ಗೆ. ಡಾಲಸ್ ಬೆಲೆ ಕಟ್ಟಿದ್ದು ಓಡುತ್ತ ಪಾಸ್ ಕೊಡುವ ಕಿಡ್‌ಗೆ. ಆ ಕಾಲು ಆಗಲೇ ದಣಿದಿತ್ತು. ಹೊಸ ಕೋಚ್ ರಿಕ್ ಕಾರ್ಲೈಲ್ ಆಟದ ಯೋಜನೆಯನ್ನು ಅಂಗಳದಲ್ಲೇ ನಿರ್ಧರಿಸಲು ಕಿಡ್‌ಗೆ ಬಿಟ್ಟರು. ಕಿಡ್ ನಿಂತಲ್ಲಿಂದ ತ್ರೀ (ದೂರದಿಂದ ಹೊಡೆಯುವ ಮೂರು ಅಂಕದ ಹೊಡೆತ) ಹೊಡೆಯುವುದನ್ನು ಚೆನ್ನಾಗಿ ರೂಢಿಸಿಕೊಂಡರು. ವೃತ್ತಿಜೀವನದ ಮೊದಲ ಸೀಸನ್ 1994-95ರಲ್ಲಿ ನೂರಕ್ಕೆ 27 ಬೀಳುತ್ತಿದ್ದವರಿಗೆ 2009-10ರಲ್ಲಿ 42 ಬೀಳತೊಡಗಿದವು. ವೇಗದ ಗಾರ್ಡ್‌ಗಳ ಬದಲು ಎತ್ತರದವರನ್ನು ತಡೆಯುವ ಕೆಲಸ ವಹಿಸಿಕೊಂಡರು. ಈ ಬದಲಾವಣೆ ಯಾರ ಲೆಕ್ಕದಲ್ಲೂ ಇರಲಿಲ್ಲ. ಟ್ರೇಡ್ ಹೊಗಳುವವರೂ ತೆಗಳುವವರೂ ಇದನ್ನು ಅಷ್ಟಾಗಿ ಎತ್ತುವುದಿಲ್ಲ.

2011ರಲ್ಲಿ ಡಾಲಸ್ ಚಾಂಪಿಯನ್ ಆಯಿತು. ಆಗ ಕಿಡ್‌ಗೆ 38. ಫೈನಲ್ಸ್‌ಗೆ ಹಿಂದಿನ ಸುತ್ತು, ಒಕ್ಲಹೋಮಾದಲ್ಲಿ ನಾಲ್ಕನೇ ಪಂದ್ಯದ ಹೆಚ್ಚುವರಿ ಅವಧಿ, ಅಂಕ 105-105. ತಂಡವನ್ನು ಮುಂದೆ ತಂದದ್ದು ಕಿಡ್ ಹೊಡೆದ ತ್ರೀ. ಫೈನಲ್ಸ್‌ನಲ್ಲಿ ಅವರು ಲೆಬ್ರಾನ್ ಜೇಮ್ಸ್, ಡ್ವೇನ್ ವೇಡ್ ಎದುರು ರಕ್ಷಣೆಗೆ ನಿಂತರು. ಅಲ್ಲಿಗೆ ಅಭಿಮಾನಿಗಳ ಮಾತು ಮಗುಚಿತು. ಮೋಸ ಹೋದೆವು ಎಂದವರೇ ದೂರದೃಷ್ಟಿ ಎಂದರು. ದೂರದೃಷ್ಟಿ ಅನ್ನುವುದು ಸ್ವಲ್ಪ ಜಾಸ್ತಿಯಾಯಿತು. 2010ರಲ್ಲಿ ಟೈಸನ್ ಚಾಂಡ್ಲರ್ ಬರದಿದ್ದರೆ ಆ ಕಪ್ ಕಷ್ಟವಿತ್ತು. ನೊವಿಟ್ಸ್ಕಿ ಆ ಎರಡು ತಿಂಗಳು ಆಡಿದ ಆಟ ಯಾವ ಟ್ರೇಡಿನ ಲೆಕ್ಕಕ್ಕೂ ಸೇರುವುದಿಲ್ಲ.

ನೆಟ್ಸ್ ಕಡೆಗೂ ಹೆಚ್ಚೇನೂ ಉಳಿಯಲಿಲ್ಲ. ಒಂದು ಡ್ರಾಫ್ಟ್ ಆಯ್ಕೆಯಿಂದ ಸಿಕ್ಕ ರಯಾನ್ ಆಂಡರ್ಸನ್ ಅವರನ್ನು ಒಂದೇ ವರ್ಷದಲ್ಲಿ ಕಳಿಸಿಬಿಟ್ಟರು. ಹ್ಯಾರಿಸ್ 2011ರಲ್ಲಿ ಯೂಟಾಗೆ ಹೋದರು. ಕೊನೆಗೆ 2013ರಲ್ಲಿ ಡಾಲಸ್‌ಗೇ ಮರಳಿ 2018ರವರೆಗೆ ಆಡಿದರು. ಟ್ರೇಡ್‌ಗೆ ಮೊದಲು ಆಡಿದ್ದಕ್ಕಿಂತ ಜಾಸ್ತಿ ಕಾಲ.