ಕಲ್ಲು ಬಿದ್ದು ಕಡಲು ಏರುವುದೆಂದರೆ, ಲೆಕ್ಕ ಹಾಕಿ ನೋಡಿ

2018ರ ಮೇ ತಿಂಗಳಲ್ಲಿ ಅಮೆರಿಕದ ಸಂಸತ್ತಿನ ವಿಜ್ಞಾನ ಸಮಿತಿಯಲ್ಲಿ ಸಂಸದ ಮೊ ಬ್ರೂಕ್ಸ್ ಒಂದು ವಾದ ಮುಂದಿಟ್ಟರು: ಇಂಗ್ಲೆಂಡಿನ ಡೋವರ್‌ ಕರಾವಳಿಯ ಬಿಳಿಬಂಡೆ, ಕ್ಯಾಲಿಫೋರ್ನಿಯಾದ ದಡ ಕುಸಿದು ನೀರಿಗೆ ಬೀಳುವುದರಿಂದಲೂ ಸಮುದ್ರಮಟ್ಟ ಏರುತ್ತದೆ ಎಂದು. ಕಲ್ಲು ಬಿದ್ದರೆ ನೀರು ಏರುವುದು ನಿಜ. ಆದರೆ ಎಷ್ಟು ಏರುತ್ತದೆ ಎಂದು ಕೇಳುವ ವ್ಯವಧಾನ ಯಾರಿಗೂ ಇಲ್ಲದಿರುವುದೇ ಬೇಸರದ ವಿಷಯ.

ಸಾಗರಗಳ ಮೇಲ್ಮೈ ಸುಮಾರು 36 ಕೋಟಿ ಚದರ ಕಿ.ಮೀ. ಅದು ಒಂದೇ ಒಂದು ಮಿ.ಮೀ. ಏರಲು 360 ಘನ ಕಿ.ಮೀ. ಕಲ್ಲು ಬೇಕು. 1993ರಿಂದ ಉಪಗ್ರಹಗಳು ಅಳೆದಿರುವ ಏರಿಕೆ ವರ್ಷಕ್ಕೆ ಸರಾಸರಿ 3 ಮಿ.ಮೀ.ಗೂ ಹೆಚ್ಚು. ಅಂದರೆ ಪ್ರತಿ ವರ್ಷವೂ ಸಾವಿರ ಘನ ಕಿ.ಮೀ.ಗಿಂತ ಹೆಚ್ಚು ಕಲ್ಲು ಹೊಸದಾಗಿ ಬೀಳುತ್ತಲೇ ಇರಬೇಕು. ಜಗತ್ತಿನ ನದಿಗಳೆಲ್ಲ ಸೇರಿ ವರ್ಷಕ್ಕೆ ಹೊತ್ತು ತರುವ ಹೂಳು ಸ್ಥೂಲವಾಗಿ 2,000 ಕೋಟಿ ಟನ್. ಘನ ಮೀಟರಿಗೆ 2.65 ಟನ್ನಿನಂತೆ ಭಾಗಿಸಿದರೆ 7–8 ಘನ ಕಿ.ಮೀ. ಆಗುತ್ತದೆ. ಏರಿಕೆ ಮಿಲಿಮೀಟರಿನ ಐವತ್ತರಲ್ಲೊಂದು ಪಾಲು!

ಲೆಕ್ಕ ಹಾಕುವವರೂ ಎರಡು ಕಡೆ ಎಡವುತ್ತಾರೆ. ತಳದಲ್ಲಿ ಕೂತ ಹೂಳಿನ ಕಣಗಳ ನಡುವೆ ಇರುವುದು ಸಮುದ್ರದ್ದೇ ನೀರು, ಅದನ್ನು ಕಲ್ಲೆಂದು ಎಣಿಸಬಾರದು. ಮೊದಲೇ ನೀರೊಳಗಿದ್ದ ಇಳಿಜಾರು ಜಾರಿದರೆ ಏರಿಕೆ ಸೊನ್ನೆ, ಏಕೆಂದರೆ ಅದರ ಜಾಗ ಅದು ಆಗಲೇ ಹಿಡಿದಿತ್ತು. ಮೇಲಾಗಿ ಹೂಳಿನ ಭಾರಕ್ಕೆ ಸಾಗರತಳವೂ ನಿಧಾನವಾಗಿ ಕುಗ್ಗುತ್ತದೆ.

ಕಡಲಡಿಯ ಜ್ವಾಲಾಮುಖಿಗಳು ನೀರನ್ನು ಬಿಸಿ ಮಾಡಿ ಹಿಗ್ಗಿಸುವುದರಿಂದ ಕಡಲು ಏರುತ್ತಿದೆ ಎಂಬ ವಾದವೂ ಅಷ್ಟೇ. ತಳದಿಂದ ಬರುವ ಶಾಖ ಚದರ ಮೀಟರಿಗೆ ಸುಮಾರು 0.1 ವಾಟ್, ಅದೂ ಅನಾದಿಕಾಲದಿಂದ ಇರುವುದು. ಸಾಗರದಲ್ಲಿ ತೇಲುತ್ತ ನೀರಿನ ತಾಪ ಅಳೆಯುವ ಅರ್ಗೋ ಯಂತ್ರಗಳು ತೋರಿಸುವ ಬಿಸಿ ಹೆಚ್ಚಾಗಿ ಮೇಲಿನ ಪದರಗಳಲ್ಲಿದೆ, ತಳದಲ್ಲಲ್ಲ.

ಹಾಗೆಂದು ಭೂವಿಜ್ಞಾನಕ್ಕೆ ಇಲ್ಲಿ ಕೆಲಸವೇ ಇಲ್ಲ ಎನ್ನಲಾಗದು. ಹಿಮಯುಗದ ಮಂಜುಗಡ್ಡೆಯ ಭಾರ ಇಳಿದ ಮೇಲೆ ಭೂಮಿ ಇನ್ನೂ ಸಾವರಿಸಿಕೊಳ್ಳುತ್ತಿದೆ. ಅದರಿಂದ ಸಾಗರದ ಬೋಗುಣಿ ತುಸು ಹಿಗ್ಗುತ್ತಿರುವ ಕಾರಣ ಉಪಗ್ರಹದ ಅಳತೆಗೆ ವರ್ಷಕ್ಕೆ ಸುಮಾರು 0.3 ಮಿ.ಮೀ. ಸೇರಿಸಬೇಕಾಗುತ್ತದೆ. ಅಂದರೆ ಭೂಮಿ ಇಲ್ಲಿ ಏರಿಕೆಯನ್ನು ಸ್ವಲ್ಪ ಮರೆಮಾಚುತ್ತಿದೆ.

ಒಂದೊಂದು ಊರಿನ ಮಟ್ಟಿಗಂತೂ ನೆಲದ್ದೇ ಕಾರುಬಾರು. ಸ್ಟಾಕ್‌ಹೋಮ್‌ನಲ್ಲಿ ನೆಲ ಏರುತ್ತಿರುವುದರಿಂದ ಕಡಲು ಇಳಿದಂತೆ ಕಾಣುತ್ತದೆ, ಜಕಾರ್ತದಲ್ಲಿ ಅಂತರ್ಜಲ ಹೀರಿ ನೆಲ ಕುಸಿಯುತ್ತಿದೆ. 2004ರ ಭೂಕಂಪದಲ್ಲಿ ನಿಕೋಬಾರಿನ ದಕ್ಷಿಣ ತುದಿಯಲ್ಲಿರುವ ನಮ್ಮ ಇಂದಿರಾ ಪಾಯಿಂಟ್ ನಾಲ್ಕು ಮೀಟರಿಗೂ ಹೆಚ್ಚು ತಗ್ಗಿ, ಅಲ್ಲಿನ ದೀಪಸ್ತಂಭದ ಬುಡಕ್ಕೆ ನೀರು ಬಂತು. ಉಳ್ಳಾಲದ ಕಡಲ್ಕೊರೆತ ಬೇರೆಯೇ ವಿಷಯ: ಅಲ್ಲಿ ಮೊದಲು ನೋಡಬೇಕಾದದ್ದು ಅಲೆ, ಮರಳಿನ ಚಲನೆ ಮತ್ತು ತಡೆಗೋಡೆಗಳನ್ನು. ಉಬ್ಬರಮಾಪಕ ಅಳೆಯುವುದು ತಾನು ನಿಂತ ನೆಲಕ್ಕೆ ಹೋಲಿಸಿದ ನೀರಿನ ಮಟ್ಟವನ್ನು ಮಾತ್ರ. ಆದ್ದರಿಂದ ಒಂದು ಬಂದರಿನ ಅಂಕಿ ಹಿಡಿದು ಜಗತ್ತಿನ ಮಾತಾಡುವ ಮೊದಲು, ಪಕ್ಕದ ಜಿಪಿಎಸ್ ಕೇಂದ್ರದಲ್ಲಿ ಆ ನೆಲ ವರ್ಷಕ್ಕೆ ಎಷ್ಟು ಮಿ.ಮೀ. ಏರಿದೆ ಅಥವಾ ಇಳಿದಿದೆ ಎಂದು ನೋಡಿ, ಅದನ್ನು ಕಳೆದೋ ಕೂಡಿಯೋ ಬರೆಯಿರಿ.