60 ಓಮ್ ಎಲ್ಲಿಂದ ಬಂತು?

ವಿಜಯಪುರ, ಬೆಳಗಾವಿ ಕಡೆಯಿಂದ ಪುಣೆಗೆ ಬಂದು ಎಲೆಕ್ಟ್ರಾನಿಕ್ಸ್ ಓದುವ ಮಕ್ಕಳು ನನ್ನನ್ನು ಹೆಚ್ಚಾಗಿ ಕೇಳುವ ಪ್ರಶ್ನೆ, 'ಸರ, ಯಾವ ಬೋರ್ಡ್ ತಗೋಬೇಕ್ರಿ?' ಕಲಿಯಲು ಬಳಸುವ ಮೈಕ್ರೋಕಂಟ್ರೋಲರ್ (ಒಂದೇ ಚಿಪ್ಪಿನ ಪುಟ್ಟ ಕಂಪ್ಯೂಟರ್) ಬೋರ್ಡ್ ಯಾವುದಾದರೂ ಸರಿ, ಆದರೆ ಎರಡು ತಗೊಳ್ಳಿ, ಜೊತೆಗೊಂದು ಮಲ್ಟಿಮೀಟರ್ ಇರಲಿ ಎನ್ನುತ್ತೇನೆ.

ಕಾರಣ ಇದೆ. ಪುಣೆ ಪಕ್ಕದ ಪಿಂಪ್ರಿ, ಭೋಸರಿ, ಚಾಕಣ ಎಂದರೆ ಗಾಡಿ ಕಾರ್ಖಾನೆಗಳ ಊರು. ಇಲ್ಲಿನ ಎಂಬೆಡೆಡ್ (ಯಂತ್ರದೊಳಗೆ ಕೂರುವ ಚಿಪ್‌ಗಳ) ಕೆಲಸದಲ್ಲಿ ಬಹುಪಾಲು ಗಾಡಿಯೊಳಗಿನ ಕಂಟ್ರೋಲರ್‌ಗಳದ್ದು. ಅವು ಪರಸ್ಪರ ಮಾತಾಡುವುದು ಬಾಷ್ ಕಂಪನಿ 1986ರಲ್ಲಿ ಪ್ರಕಟಿಸಿದ ಕ್ಯಾನ್ ಬಸ್, ಅಂದರೆ ಎಲ್ಲ ಕಂಟ್ರೋಲರ್‌ಗಳನ್ನೂ ಎರಡು ತಂತಿಗಳಲ್ಲಿ ಸೇರಿಸುವ ಸಂಪರ್ಕ ಜಾಲದ ಮೂಲಕ. ಈ ಬಸ್ಸಿನಲ್ಲಿ ಕಳುಹಿಸಿದ ಪ್ರತಿ ಸಂದೇಶಕ್ಕೂ ಇನ್ನೊಂದು ನೋಡ್ (ಬಸ್ಸಿಗೆ ಸೇರಿದ ಬೋರ್ಡ್) 'ಸಿಕ್ಕಿತು' ಎಂದು ಅದೇ ಫ್ರೇಮಿನಲ್ಲಿ, ಅಂದರೆ ಆ ಸಂದೇಶ ಮುಗಿಯುವ ಮುನ್ನವೇ, ಉತ್ತರಿಸಬೇಕು. ಒಂದೇ ಬೋರ್ಡ್ ಇದ್ದರೆ ಉತ್ತರಿಸುವವರೇ ಇಲ್ಲ. ಅದು ಅದೇ ಸಂದೇಶವನ್ನು ಮತ್ತೆ ಮತ್ತೆ ಕಳುಹಿಸುತ್ತಲೇ ಇರುತ್ತದೆ. ವಿದ್ಯಾರ್ಥಿ ಮಾತ್ರ ಕೋಡಿನಲ್ಲಿ ತಪ್ಪು ಹುಡುಕುತ್ತಾ ರಾತ್ರಿಯೆಲ್ಲ ಕೂರುತ್ತಾನೆ.

ಕೆಲಸದ ಸಂದರ್ಶನದಲ್ಲಿ ನಾನು ಕೇಳುವುದು ಇಷ್ಟೇ: ಪವರ್ ತೆಗೆದು, ಬಸ್ಸಿನ ಎರಡು ತಂತಿಗಳಾದ ಕ್ಯಾನ್ ಹೈ ಮತ್ತು ಕ್ಯಾನ್ ಲೋ ನಡುವೆ ಮೀಟರ್ ಹಿಡಿದರೆ ಎಷ್ಟು ಓಮ್ ಬರಬೇಕು? 60. ಬಸ್ಸಿನ ಎರಡೂ ತುದಿಗೆ 120 ಓಮ್‌ನ ಒಂದೊಂದು ರೆಸಿಸ್ಟರ್ ಇರುತ್ತದೆ, ಅವೆರಡೂ ಪ್ಯಾರಲಲ್. 120 ತೋರಿಸಿದರೆ ಒಂದು ತುದಿಯದು ಬಿಟ್ಟುಹೋಗಿದೆ, 40 ತೋರಿಸಿದರೆ ಯಾರೋ ಮೂರನೆಯದನ್ನು ಸೇರಿಸಿದ್ದಾರೆ. ಆ ರೆಸಿಸ್ಟರ್ ಇಲ್ಲದಿದ್ದರೆ ಸಿಗ್ನಲ್ ತಂತಿಯ ತುದಿಗೆ ಬಡಿದು ವಾಪಸ್ ಬರುತ್ತದೆ. ಮೇಜಿನ ಮೇಲೆ ಒಂದು ಮೊಳದ ತಂತಿಯಲ್ಲಿ ಈ ಪ್ರತಿಫಲನ ಬೇಗ ಅಡಗುವುದರಿಂದ ಒಂದು ರೆಸಿಸ್ಟರ್ ಇಲ್ಲದಿದ್ದರೂ ಎಲ್ಲ ಸರಿಯಾಗಿಯೇ ನಡೆಯುತ್ತದೆ. ಉದ್ದದ ವೈರಿಂಗ್, ಹೆಚ್ಚಿನ ವೇಗ ಸೇರಿದಾಗ ಕೈಕೊಡುತ್ತದೆ. ಕಳುಹಿಸುವಾಗಿನ ದೋಷಗಳ ಲೆಕ್ಕ 255 ದಾಟಿದರೆ ಆ ನೋಡ್ ತಾನಾಗಿಯೇ ಬಸ್ಸಿನಿಂದ ಹೊರಬೀಳುತ್ತದೆ. ಪರದೆಯ ಮೇಲೆ ಕಾಣುವುದು ಸಾಫ್ಟ್‌ವೇರ್ ದೋಷ, ಮೂಲ ಇರುವುದು ತಂತಿಯಲ್ಲಿ.

ಕಾಲೇಜಿನಲ್ಲಿ ಇನ್ನೂ 8051 ಎಂಬ ಹಳೆಯ ಮೈಕ್ರೋಕಂಟ್ರೋಲರ್ ಕಲಿಸುತ್ತಾರೆಂದು ಬೇಸರಪಡುವವರಿದ್ದಾರೆ. 1980ರ ಚಿಪ್ ನಿಜ. ಆದರೆ 128 ಬೈಟ್ ರ‍್ಯಾಮಿನಲ್ಲಿ ಸ್ಟ್ಯಾಕ್ (ಪ್ರೋಗ್ರಾಂ ತಾತ್ಕಾಲಿಕ ಮಾಹಿತಿ ಪೇರಿಸುವ ಜಾಗ) ಎಲ್ಲಿ ಶುರುವಾಗುತ್ತದೆ, ಎಲ್ಲಿ ನಮ್ಮ ವೇರಿಯಬಲ್‌ಗಳ ಮೇಲೆ ಹತ್ತುತ್ತದೆ ಎಂದು ಕಂಡವರನ್ನು ಎಸ್‌ಟಿಎಂ32ನಂಥ ಈಗಿನ ದೊಡ್ಡ ಚಿಪ್ ಹೆದರಿಸುವುದಿಲ್ಲ. ನೇರವಾಗಿ ಸಿದ್ಧ ಲೈಬ್ರರಿಯಿಂದ ಶುರು ಮಾಡಿದವರು ಚಿಪ್ಪಿನ ವಿವರ ಕೊಡುವ ಒಂದು ಪುಟ ಡೇಟಾಶೀಟ್ ಎದುರು ತಡವರಿಸುವುದನ್ನು ನೋಡಿ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಕೊನೆಯ ವರ್ಷದ ಪ್ರಾಜೆಕ್ಟನ್ನು ಸಿದ್ಧವಾಗಿ ಮಾರುವವರು ಎಲ್ಲ ಊರಲ್ಲೂ ಇದ್ದಾರೆ. ಅದಕ್ಕೆ ಅಪ್ಪ ಅಮ್ಮ ಕಳಿಸಿದ ಹಣ ಸುರಿಯಬೇಡಿ. ಬುಧವಾರ ಪೇಠೆಯ ತಪಕೀರ ಗಲ್ಲಿಗೆ ಹೋಗಿ ಬಿಡಿ ಭಾಗಗಳನ್ನೇ ಕೊಳ್ಳಿ, ಎರಡು ನೋಡ್ ಕಟ್ಟಿ. ಲ್ಯಾಬಿನ ಆಸಿಲೋಸ್ಕೋಪ್ ಕೇಳಿ ಪಡೆದು, ಒಂದು ರೆಸಿಸ್ಟರ್ ಕಿತ್ತು, ತಂತಿ ಉದ್ದ ಮಾಡುತ್ತಾ ಅಲೆಯ ಅಂಚು ಹೇಗೆ ಕೆಡುತ್ತದೆಂದು ನೋಡಿ. ಆ ಚಿತ್ರಗಳನ್ನೇ ಪ್ರಾಜೆಕ್ಟ್ ವರದಿಯಲ್ಲಿ ಹಾಕಿ. ಸಂದರ್ಶನದಲ್ಲಿ ನಾನು ಮೊದಲು ತೆರೆಯುವುದು ಅದೇ ಪುಟ.